ಬಂಡೆ ಅಂದ್ರೆ ಯಾವ ಬಂಡೆ?

ಹೋದ ಬೇಸಿಗೆಯಲ್ಲಿ ಒಂದು ಅನುವಾದದ ಕೆಲಸ ಒಪ್ಪಿಕೊಂಡೆ. ಬಂಡೆ ಹತ್ತುವುದನ್ನು ಕಲಿಸುವವರಿಗೆಂದು ಇಂಗ್ಲಿಷಿನಲ್ಲಿ ಬರೆದ ಕೈಪಿಡಿ, ನಲವತ್ತು ಪುಟ. ಹಗ್ಗಕ್ಕೆ ಗಂಟು ಹಾಕುವುದು ಹೇಗೆ, ಹೆಲ್ಮೆಟ್ ಬಿಗಿಯುವುದು ಹೇಗೆ, ಹೆಜ್ಜೇನು ಎದ್ದರೆ ಏನು ಮಾಡಬೇಕು, ಇಂಥವು. ದುಡ್ಡು ಅಷ್ಟಕ್ಕಷ್ಟೆ. ಒಪ್ಪಿಕೊಂಡದ್ದು ಜಂಬಕ್ಕೆ. ಮಧುಗಿರಿ ಬೆಟ್ಟದ ಬುಡದ ಊರಲ್ಲಿ ಹುಟ್ಟಿದವಳು ನಾನು. ಬಂಡೆ ವಿಷಯ ನನಗೆ ಯಾರು ಹೇಳಿಕೊಡಬೇಕು? ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಜಂಬ ಇಳಿಯಿತು.

ಆ ಪುಟದಲ್ಲಿ ಹಗ್ಗವೂ ಇಲ್ಲ, ಗಂಟೂ ಇಲ್ಲ. ಹತ್ತುವ ಮುಂಚೆ ಬೆಟ್ಟವನ್ನು ನೋಡುವುದು ಕಲಿಯಿರಿ ಅಂತ ಶುರುವಾಗಿ, ಒಂದರ ಹಿಂದೆ ಒಂದು ಪದ. ಕ್ಲಿಫ್, ಕ್ರ್ಯಾಗ್, ಬ್ಲಫ್, ಸ್ಕಾರ್ಪ್, ಪ್ರೆಸಿಪಿಸ್. ಆಮೇಲೆ ಲೆಡ್ಜ್, ಓವರ್‌ಹ್ಯಾಂಗ್, ಗಲ್ಲಿ, ಸ್ಯಾಡಲ್, ಸ್ಕ್ರೀ. ಇಂಗ್ಲಿಷಿನ ಗಲ್ಲಿ ಅಂದರೆ ಬೆಟ್ಟದ ಮೈಮೇಲೆ ನೀರು ಕೊರೆದ ಕೊರಕಲು. ನಾವು ಸ್ಕೂಟರ್ ನುಗ್ಗಿಸುವ ಗಲ್ಲಿ ಬೇರೆ. ಕ್ಲಿಫ್‌ಗೆ ಪ್ರಪಾತ ಅಂತ ಬರೆದೆ. ಪ್ರೆಸಿಪಿಸ್‌ಗೂ ಅದೇ ಬಂತು. ಕ್ರ್ಯಾಗ್‌ಗೆ ಕಡಿದಾದ ಬಂಡೆ ಅಂದೆ, ಬ್ಲಫ್‌ಗೆ ಕಡಿದಾದ ದಿಬ್ಬ ಅಂದೆ, ಸ್ಕಾರ್ಪ್ ಬಂದಾಗ ಕಡಿದಾದ ಇಳಿಜಾರು. ರಾತ್ರಿ ಹನ್ನೊಂದಾಗಿತ್ತು. ಕಳಿಸಿ ಮಲಗಿದೆ.

ಎರಡು ದಿನಕ್ಕೆ ಫೈಲು ವಾಪಸ್ ಬಂತು. ತಿದ್ದುವ ಹುಡುಗ ಬೆಂಗಳೂರಿನವನು, ಒಳ್ಳೆಯವನೇ. ಐದೂ ಪದಕ್ಕೆ ಹಳದಿ ಬಣ್ಣ ಬಳಿದು ಪಕ್ಕದಲ್ಲಿ ಬರೆದಿದ್ದ: ಮೇಡಂ, ಎಲ್ಲಾ ಒಂದೇ ಥರ ಕೇಳಿಸ್ತಿದೆ, ಕನ್ನಡದಲ್ಲಿ ಇಷ್ಟೇನಾ? ಅವನು ಸುಮ್ನೆ ಕೇಳಿದ್ದು. ನನಗೆ ಮಾತ್ರ ಆ ‘ಇಷ್ಟೇನಾ’ ಹಲ್ಲಿನ ಸಂದಿಗೆ ಸಿಕ್ಕ ಹಲಸಿನ ನಾರಿನ ಹಾಗೆ ಕೂತುಬಿಟ್ಟಿತು. ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಪರವೂರಿನ ಪದಗಳು

ಮೊದಲು ಮಾಡಿದ ಕೆಲಸ, ಆ ಇಂಗ್ಲಿಷ್ ಪದಗಳ ಮನೆ ಎಲ್ಲಿ ಅಂತ ಹುಡುಕಿದ್ದು. ಸೋತವರು ಗೆದ್ದವರ ಮನೆ ಇಣುಕಿ ನೋಡುತ್ತಾರಲ್ಲ, ಹಾಗೆ. ನೋಡಿದರೆ ಆ ಮನೆಯಲ್ಲಿ ಅರ್ಧಕ್ಕರ್ಧ ಸಾಮಾನು ಎರವಲು. ಕ್ಲಿಫ್ ಏನೋ ಹಳೇ ಇಂಗ್ಲಿಷಿನ ಸ್ವಂತದ್ದು. ಕ್ರ್ಯಾಗ್ ಕೆಲ್ಟ್ ಭಾಷೆಗಳಿಂದ ಬಂದದ್ದು. ಇಂಗ್ಲೆಂಡಿನ ಉತ್ತರದಲ್ಲಿ ಬೆಟ್ಟಕ್ಕೆ ಫೆಲ್ ಅನ್ನುತ್ತಾರೆ, ಬೆಟ್ಟದ ಬುಡದಲ್ಲಿ ಜಾರಿ ಬಿದ್ದಿರುವ ಚೂರುಗಲ್ಲಿನ ರಾಶಿಗೆ ಸ್ಕ್ರೀ. ಎರಡೂ ಸಮುದ್ರ ದಾಟಿ ಬಂದು ನೆಲೆಸಿದ ವೈಕಿಂಗರ ಪದಗಳು. ಸ್ಕ್ರೀ ಅನ್ನುವುದರ ಮೂಲಕ್ಕೆ ಗುಡ್ಡ ಕುಸಿತ ಅಂತಲೇ ಅರ್ಥ. ಹಿಮದ ನದಿ ಎರಡೂ ಕಡೆಯಿಂದ ತಿಂದು ತಿಂದು ಉಳಿಸಿದ ಬೆಟ್ಟದ ಚೂಪು ಅಂಚಿಗೆ ಆರೆಟ್ ಅಂತಾರೆ, ಅದು ಫ್ರೆಂಚಿನಲ್ಲಿ ಮೀನಿನ ಮುಳ್ಳು. ಎರಡು ಶಿಖರದ ನಡುವಿನ ತಗ್ಗಿಗೆ ಕಾಲ್. ಅದೂ ಫ್ರೆಂಚೇ, ಅರ್ಥ ಮಾತ್ರ ಕತ್ತು. ನಮ್ಮ ಕಾಲು ಅವರ ಕತ್ತಾಗಿದೆ. ಅದೇ ಹಿಮ ಬೆಟ್ಟದ ಪಕ್ಕೆಯನ್ನು ಬಟ್ಟಲಿನ ಹಾಗೆ ತೋಡಿದರೆ ಅದು ಕೋರಿ. ಸ್ಕಾಟ್ಲೆಂಡಿನ ಗೇಲಿಕ್ ಮಾತಿನಲ್ಲಿ ಅದಕ್ಕೆ ಕೊಪ್ಪರಿಗೆ ಅಂತ ಅರ್ಥ. ಅದೇ ಆಕಾರಕ್ಕೆ ವೇಲ್ಸ್‌ನವರು ಕೂಮ್ ಅನ್ನುತ್ತಾರೆ. 1921ರಲ್ಲಿ ಎವರೆಸ್ಟಿನ ದಾರಿ ಹುಡುಕಲು ಹೋದ ಜಾರ್ಜ್ ಮಲ್ಲೊರಿ ಅಲ್ಲಿನ ದೊಡ್ಡ ಹಿಮದ ಕಣಿವೆಗೆ ವೆಸ್ಟರ್ನ್ ಕೂಮ್ ಅಂತ ಹೆಸರಿಟ್ಟ. ವೇಲ್ಸಿನ ಬೆಟ್ಟಗಳಲ್ಲಿ ಹತ್ತಿ ಅಭ್ಯಾಸವಿದ್ದವನು. ಅಲ್ಲಿನ ಹಳ್ಳಿ ಮಾತು ಅವನ ಜೋಳಿಗೆಯಲ್ಲಿ ಕೂತು ಹಿಮಾಲಯಕ್ಕೆ ಹೋಯಿತು.

ಸ್ಕಾರ್ಪ್ ಬಗ್ಗೆ ಓದಿದಾಗ ನಗು ಬಂತು. ಅದು ಇಟಲಿಯ ಕಡೆಯ ಪದ, ಕೋಟೆ ಗೋಡೆಯ ಓರೆ ಮುಖಕ್ಕೆ ಇಟ್ಟ ಹೆಸರು. ಕೋಟೆ ಕಟ್ಟುವವರ ಬಾಯಿಂದ ಹೊರಟು ಭೂಗೋಳದ ಪುಸ್ತಕ ಸೇರಿದೆ. ಅಂದರೆ ಅವರು ಬೆಟ್ಟ ನೋಡಿ ಕೋಟೆ ಗೋಡೆ ನೆನಪು ಮಾಡಿಕೊಂಡರು. ನಮ್ಮ ಮಧುಗಿರಿಯಲ್ಲಿ ಬೆಟ್ಟ ಎಲ್ಲಿ ಮುಗಿದು ಕೋಟೆ ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ.

ಎಲ್ಲಕ್ಕಿಂತ ಸಮಾಧಾನ ಕೊಟ್ಟದ್ದು ಬ್ಲಫ್. ನದಿ ಮಗ್ಗುಲಲ್ಲಿ ದಪ್ಪ ಎದೆ ಉಬ್ಬಿಸಿ ನಿಂತ ಕಡಿದಾದ ದಡಕ್ಕೆ ಅಮೆರಿಕಕ್ಕೆ ಹೋದ ಇಂಗ್ಲಿಷರು ಇಟ್ಟ ಹೆಸರು ಅದು. 1735ರಲ್ಲಿ ಜಾರ್ಜಿಯಾಕ್ಕೆ ಹೊರಟ ಫ್ರಾನ್ಸಿಸ್ ಮೂರ್ ಅನ್ನುವವನು ಸವಾನ್ನಾ ಪಟ್ಟಣದ ನದಿ ದಡದ ಬಗ್ಗೆ ಬರೆಯುತ್ತಾ, ಇದನ್ನು ಇಲ್ಲಿನವರು ತಮ್ಮ ಅನಾಗರಿಕ ಇಂಗ್ಲಿಷಿನಲ್ಲಿ ಬ್ಲಫ್ ಅನ್ನುತ್ತಾರೆ ಅಂತ ಮೂಗು ಮುರಿದಿದ್ದಾನೆ. ಮುನ್ನೂರು ವರ್ಷದ ಹಿಂದಿನ ಆ ಹಳ್ಳಿಗಾಡಿನ ಮಾತು ಈಗ ನನ್ನ ಕೈಪಿಡಿಯಲ್ಲಿ ಗಂಭೀರವಾಗಿ ಕೂತಿದೆ. ಅದಕ್ಕೆ ಕನ್ನಡ ಸಿಗಲಿಲ್ಲ ಅಂತ ನಾನು ತುಮಕೂರಲ್ಲಿ ನಿದ್ದೆಗೆಟ್ಟಿದ್ದೇನೆ.

ಮಾವನಿಗೆ ತೋರಿಸಿದ ಪಟಗಳು

ನನ್ನ ಸೋದರಮಾವನಿಗೆ ಎಪ್ಪತ್ತು ದಾಟಿದೆ. ವಯಸ್ಸಿನಲ್ಲಿ ಬಂಡೆ ಕೆಲಸ ಮಾಡಿದವರು. ಚಪ್ಪಡಿ ಎಬ್ಬಿಸುವುದು, ಬೇಲಿಗೆ ಕಲ್ಲುಕಂಬ ಸೀಳುವುದು. ಒಂದು ಭಾನುವಾರ ಪದಗಳ ಪಟ್ಟಿ ಮತ್ತು ಮೊಬೈಲಿನ ತುಂಬ ಪಟಗಳನ್ನು ತುಂಬಿಕೊಂಡು ಬಸ್ಸು ಹತ್ತಿದೆ. ಕೊರಟಗೆರೆ ದಾಟಿದ ಮೇಲೆ ಕಿಟಕಿಯಾಚೆ ಬೆಟ್ಟಗಳು ಒಂದೊಂದಾಗಿ ಬರತೊಡಗಿದವು. ಸಾಲು ಅಂತ ಇಲ್ಲ. ಒಂದಕ್ಕೊಂದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಒಂಟಿ ಒಂಟಿ. ಇಂಥ ಒಂಟಿ ಬೆಟ್ಟಕ್ಕೂ ಪುಸ್ತಕದಲ್ಲಿ ಒಂದು ಪದ ಇದೆ, ಇನ್‌ಸೆಲ್‌ಬರ್ಗ್. 1900ರಲ್ಲಿ ವಿಲ್‌ಹೆಲ್ಮ್ ಬೋರ್ನ್‌ಹಾರ್ಟ್ ಅನ್ನುವ ಜರ್ಮನ್ ಭೂವಿಜ್ಞಾನಿ ಪೂರ್ವ ಆಫ್ರಿಕಾದ ಬಯಲಿನಲ್ಲಿ ಇಂಥವನ್ನು ನೋಡಿ ಇಟ್ಟದ್ದು. ದ್ವೀಪದ ಬೆಟ್ಟ ಅಂತ ಅರ್ಥ. ಸಮುದ್ರ ಕಂಡವರಿಗೆ ಹಾಗೆ ಹೊಳೆಯುತ್ತದೆ.

ಮಧುಗಿರಿ ಬೆಟ್ಟದ ಎತ್ತರ ಸುಮಾರು 3,930 ಅಡಿ. ಗಿಡ ಮರದ ಹೊದಿಕೆ ಇಲ್ಲದ ಒಂದೇ ಕಲ್ಲು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುವ ಗಾದೆ ನಮ್ಮ ಊರಿಗೆ ಹೊಂದುವುದಿಲ್ಲ. ಇಲ್ಲಿ ಹತ್ತಿರ ಹೋದರೂ ನುಣ್ಣಗೇ, ಅದೇ ತೊಂದರೆ. ಕಾಲಿಡಲು ಬಂಡೆಯಲ್ಲಿ ಕೆತ್ತಿದ ಪುಟ್ಟ ಪುಟ್ಟ ಮೆಟ್ಟಿಲು, ಹಿಡಿಯಲು ಕಬ್ಬಿಣದ ಕಂಬಿ. ಮಾವ ಪಂಚೆ ಮೇಲೆತ್ತಿ ಕಟ್ಟಿ, ಚಪ್ಪಲಿ ಬುಡದಲ್ಲೇ ಬಿಟ್ಟು ಹೊರಟರು. ಒಂಬತ್ತು ಗಂಟೆಗೇ ಕಲ್ಲು ದೋಸೆ ಹೆಂಚಾಗಿತ್ತು. ಪೂರ್ತಿ ಹತ್ತುವ ಆಸೆ ಇಬ್ಬರಿಗೂ ಇರಲಿಲ್ಲ. ಕೆಳಗಿನ ಬಾಗಿಲುಗಳನ್ನು ದಾಟಿ ನೆರಳು ಸಿಕ್ಕ ಕಡೆ ಕೂತು ಮೊಬೈಲ್ ತೆಗೆದೆ.

“ಮಾವ, ಇದಕ್ಕೆ ಏನಂತಾರೆ?”

“ಬಂಡೆ.”

“ಇದಕ್ಕೆ?”

“ಅದೂ ಬಂಡೆನೇ ಕಣವ್ವಾ.”

“ಎರಡೂ ಬೇರೆ ಬೇರೆ ಥರ ಇದಾವಲ್ಲ?”

“ಬ್ಯಾರೆನೇ. ಎಲ್ಲೈತೆ ಇದು?”

“ಇಂಗ್ಲೆಂಡಲ್ಲಿ.”

ಮಾವ ಮೊಬೈಲ್ ವಾಪಸ್ ಕೊಟ್ಟರು. “ನಾನ್ ನೋಡದೆ ಇರೋ ಬಂಡೆಗೆ ನಾನೇನ್ ಹೆಸ್ರು ಹೇಳ್ಲಿ? ಬಂಡೆ ಅಂದ್ರೆ ಯಾವ್ ಬಂಡೆ ಅಂತ ಕೇಳ್ಬೇಕು. ಈ ಬೆಟ್ಟದಾಗೆ ಕೇಳು, ಹೇಳ್ತೀನಿ.”

ಅಲ್ಲಿಂದ ಅವರ ಕೈ ಓಡತೊಡಗಿತು. ಅಗೋ ಅದು ಕೋತಿ ಗುಂಡು, ಬೆಳಗ್ಗೆ ಬಿಸಿಲು ಮೊದಲು ಅದರ ಮೇಲೇ ಬೀಳೋದು, ಕೋತಿ ಎಲ್ಲ ಅಲ್ಲಿ ಕೂತಿರ್ತವೆ. ಅದರ ಕೆಳಗೆ ಉದ್ದಕ್ಕೆ ಮಲಗಿರೋದು ಎಮ್ಮೆಬೆನ್ನು. ಈ ಕಡೆ ತಗ್ಗಲ್ಲಿ ಕಪ್ಪಗೆ ಕಾಣ್ತದಲ್ಲ, ಅದು ದೊಣೆ, ಸಂಕ್ರಾಂತಿ ಕಳೆದರೂ ನೀರು ಇರ್ತದೆ. ಅದರ ಪಕ್ಕದ್ದು ಸಣ್ಣ ದೊಣೆ, ಬೇಗ ಬತ್ತುತ್ತೆ. ಆ ಸಂದಿ ಒಳಗೆ ಹೋದರೆ ಗವಿ, ಬಾವಲಿ ನಾತ. ಇವು ಯಾವ ಮ್ಯಾಪಿನಲ್ಲೂ ಇಲ್ಲ. ಪಕ್ಕದೂರಿನವರು ಅವೇ ಕಲ್ಲುಗಳನ್ನು ಬೇರೆ ಹೆಸರಿಂದ ಕರೆಯುತ್ತಾರಂತೆ. ಅದನ್ನು ಹೇಳುವಾಗ ಮಾವನ ಮುಖದಲ್ಲಿ ಸ್ವಲ್ಪ ತಾತ್ಸಾರ ಕಂಡಿತು.

ಕ್ಲಿಫ್, ಕ್ರ್ಯಾಗ್ ಅಂತ ಜಾತಿಗೊಂದು ಹೆಸರು ಬೇಕಾಗುವುದು ಊರೂರು ತಿರುಗುವವರಿಗೆ. ಇವತ್ತು ಸ್ಕಾಟ್ಲೆಂಡ್, ನಾಳೆ ಆಲ್ಪ್ಸ್, ನಾಡಿದ್ದು ಎವರೆಸ್ಟ್ ಅನ್ನುವವನಿಗೆ ಕಾಣದ ಬೆಟ್ಟವನ್ನು ಕಾಣದವರಿಗೆ ಹೇಳಬೇಕು. ಮಾವ ಹಾಗೆ ಯಾರಿಗೂ ಹೇಳಬೇಕಾಗಿರಲಿಲ್ಲ. ಅವರು ಹೇಳುವುದೆಲ್ಲ ಬೆಟ್ಟ ಕಣ್ಣೆದುರಿಗೆ ಇಟ್ಟುಕೊಂಡು, ಅದನ್ನು ಬಲ್ಲವರಿಗೆ. ಮನೆಯ ಹಸುಗಳನ್ನು ಗೌರಿ, ಕೆಂಪಿ ಅಂತ ಕರೆಯುತ್ತೇವೆ, ಸಂತೆಗೆ ಹೋದಾಗ ತಾನೇ ಯಾವ ತಳಿ ಅನ್ನುವ ಮಾತು ಬರುವುದು? ಇಂಗ್ಲಿಷ್ ತನ್ನ ಬೆಟ್ಟಗಳನ್ನು ಸಂತೆಗೆ ಹೊಡೆದುಕೊಂಡು ಬಂದು ನಿಂತಿದೆ. ನಮ್ಮವು ಕೊಟ್ಟಿಗೆಯಲ್ಲೇ ಇವೆ.

ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನನಗೆ ಬೇಕಾಗಿದ್ದುದು ತಳಿಯ ಹೆಸರೇ. ಎಮ್ಮೆಬೆನ್ನು ಅಂತ ಬರೆದರೆ ರಾಮನಗರದಲ್ಲಿ ಬಂಡೆ ಹತ್ತುವ ಹುಡುಗನಿಗೆ ಏನು ಗೊತ್ತಾಗಬೇಕು?

ಇಳಿಯುವಾಗ ಮಾವ ಒಂದು ಮುಂಚಾಚಿದ ಬಂಡೆಯ ಕೆಳಗೆ ನಿಂತು ಬೆವರು ಒರೆಸಿಕೊಂಡರು. ಪಟ್ಟಿಯಲ್ಲಿದ್ದ ಓವರ್‌ಹ್ಯಾಂಗ್ ಸಾಕ್ಷಾತ್ ತಲೆ ಮೇಲೆ ನಿಂತಿತ್ತು. ಇದು ಹೇಗಿದೆ ಮಾವ ಅಂದೆ, ಏನಂತಾರೆ ಅಂತ ಕೇಳಲಿಲ್ಲ. “ಸೂರು ಇದ್ದಂಗೈತೆ. ಮಳೆ ಬಂದ್ರೆ ಮೇಕೆ ಎಲ್ಲಾ ಇದ್ರ ಅಡಿಗೇ ಬರೋವು.” ಮುಂದೆ ಕಾಲಿಡಲು ಅಷ್ಟೇ ಜಾಗ ಇದ್ದ ಒಂದು ಕಲ್ಲಿನ ಅಂಚು ಬಂತು. “ಹುಷಾರು, ಜಗಲಿ ಸಣ್ಣದು.” ನೆಟ್ಟಗೆ ನಿಂತ ಬಂಡೆಗೆ ಕೈ ಇಟ್ಟು, “ಈ ಗೋಡೆ ಹಿಡ್ಕೊಂಡ್ ಬಾ.” ನಾನು ಮಾತಾಡಲಿಲ್ಲ. ಪಟ್ಟಿ ತೆಗೆದು ಅಲ್ಲೇ ಪೆನ್ಸಿಲಿನಲ್ಲಿ ಗೀಚಿಕೊಂಡೆ. ಗೋಡೆ, ಜಗಲಿ, ಸೂರು. ಕತ್ತು, ಮೀನಿನ ಮುಳ್ಳು, ಕೊಪ್ಪರಿಗೆ ಅಂತ ಅವರು ಮಾಡಿಕೊಂಡದ್ದೂ ಇದನ್ನೇ ಅಲ್ವಾ? ಮನೆಯಲ್ಲಿ, ತಟ್ಟೆಯಲ್ಲಿ ಏನಿತ್ತೋ ಅದನ್ನು ಬೆಟ್ಟಕ್ಕೆ ಅಂಟಿಸಿದರು.

ಕಲ್ಲಿನ ಒಳಗಿನ ಸದ್ದು

ಅದೇ ದಾರಿಯಲ್ಲಿ ಮಾವ ಒಂದು ಗುಂಡುಕಲ್ಲು ಎತ್ತಿಕೊಂಡು ಹಾಸುಬಂಡೆಯ ಮೇಲೆ ತಟ್ಟಿದರು. ಟಣ್ ಅಂತು. ಎರಡು ಮಾರು ಆಚೆ ತಟ್ಟಿದರು. ಬದ್ ಅಂತು. “ಇಲ್ಲಿ ಎದ್ದೈತೆ” ಅಂದರು. ನನಗೆ ಮೂವತ್ತೈದು ವರ್ಷದ ಹಿಂದಿನ ಮಧ್ಯಾಹ್ನಗಳು ನೆನಪಾದವು. ರಜೆಯಲ್ಲಿ ಅಜ್ಜಿ ಊರಿಗೆ ಬಂದಾಗ ಮಾವನಿಗೆ ಬುತ್ತಿ ಕೊಂಡೊಯ್ಯುವ ಕೆಲಸ ನನ್ನದು. ಮುದ್ದೆ, ಹುರುಳಿಕಾಳಿನ ಸಾರು, ಒಂದು ಈರುಳ್ಳಿ. ಆಗಿನ್ನೂ ನಮ್ಮ ಕಡೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದರು. ಹಾಸುಬಂಡೆಯ ಮೇಲೆ ಕಟ್ಟಿಗೆಯನ್ನು ಉದ್ದಕ್ಕೆ ಸಾಲಾಗಿ ಇಟ್ಟು ಹಚ್ಚುವುದು. ಉರಿ ಜಾಸ್ತಿಯೂ ಆಗಬಾರದು, ಕಮ್ಮಿಯೂ ಆಗಬಾರದು. ಬೆಂಕಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಾ ಹೋಗುವುದು. ಬಿಸಿಗೆ ಮೇಲಿನ ಪದರ ಹಿಗ್ಗಿ, ಕೆಳಗಿನ ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ. ಮಾವ ಸುತ್ತಿಗೆ ಹಿಡಿದು ತಟ್ಟುತ್ತಾ, ತಲೆ ಓರೆ ಮಾಡಿ ಕೇಳುತ್ತಾ ಬೆಂಕಿಯ ಮುಂದೆ ಮುಂದೆ ಸರಿಯುತ್ತಿದ್ದರು. ಡಾಕ್ಟರು ಎದೆ ನೋಡುವ ಹಾಗೆ. ಎಲ್ಲಿ ಸದ್ದು ಪೊಳ್ಳಾಯಿತೋ ಅಲ್ಲಿಯವರೆಗೆ ಬಂಡೆ ಎದ್ದಿದೆ ಅಂತ ಲೆಕ್ಕ. ಬುತ್ತಿ ಆರುತ್ತಿತ್ತು. ನಾನು ಕೂಗಿದರೆ ಬೆರಳು ತುಟಿಗೆ ಇಡುತ್ತಿದ್ದರು.

ಈ ಬಂಡೆ ಪದರ ಪದರವಾಗಿ ಏಳುವುದಕ್ಕೆ ಭೂವಿಜ್ಞಾನಿಗಳು ಕಾರಣ ಕೊಡುತ್ತಾರೆ. ಮಧುಗಿರಿಯ ಕಲ್ಲು ಕ್ಲೋಸ್‌ಪೇಟ್ ಗ್ರಾನೈಟಿನ ಪಟ್ಟಿಗೆ ಸೇರಿದ್ದು. ರಾಮನಗರದ ಬೆಟ್ಟಗಳದ್ದೂ ಇದೇ ಕಲ್ಲು, ಆ ಊರಿನ ಹಳೇ ಹೆಸರೇ ಇದಕ್ಕೆ ಬಂದಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದ ಆಳದಲ್ಲಿ, ಮೇಲಿನ ಭಾರದ ಕೆಳಗೆ ಹೆಪ್ಪುಗಟ್ಟಿದ ಕಲ್ಲು ಇದು. ಮೇಲಿನ ಮಣ್ಣು, ಕಲ್ಲು ಎಲ್ಲ ಕೋಟಿಗಟ್ಟಲೆ ವರ್ಷ ಸವೆದು ಹೋದಾಗ ಭಾರ ಇಳಿಯಿತು, ಕಲ್ಲು ಉಸಿರು ಬಿಟ್ಟ ಹಾಗೆ ಹಿಗ್ಗಿತು, ಮೈಗೆ ಸಮನಾಗಿ ಈರುಳ್ಳಿ ಸಿಪ್ಪೆಯ ಹಾಗೆ ಸೀಳು ಬಿತ್ತು. ಅದಕ್ಕೇ ಬೆಟ್ಟ ಬೋಳು ತಲೆಯ ಹಾಗೆ ಗುಂಡಗೆ. ಇಂಗ್ಲಿಷ್ ಪಟ್ಟಿಯ ಆರೆಟ್, ಕೋರಿ ಇಲ್ಲಿ ಸಿಗದಿರುವುದಕ್ಕೂ ಕಾರಣ ಸುಲಭ, ಅವನ್ನು ತೋಡಿದ್ದು ಹಿಮ. ನಮ್ಮಲ್ಲಿ ಕೆಲಸ ಮಾಡಿದ್ದು ಬಿಸಿಲು, ಮಳೆ ಮತ್ತು ಪುರುಸೊತ್ತು. ಇಲ್ಲದ ವಸ್ತುವಿಗೆ ಪದ ಇಲ್ಲ ಅಂತ ಯಾಕೆ ಕೊರಗಬೇಕು? ಹಾಗೆ ನೋಡಿದರೆ ಸಾಲ ಆ ಕಡೆಯೂ ಇದೆ. ದೊಣೆ ಅನ್ನುವುದಕ್ಕೆ ದಿನಬಳಕೆಯ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಿ ನೋಡಿ. ಬೆಟ್ಟದ ಮೇಲಿನ ಕಲ್ಲುಗುಳಿಯಲ್ಲಿ ಮಳೆ ನೀರು ನಿಂತಿದೆ ಅಂತ ಒಂದು ವಾಕ್ಯವನ್ನೇ ಹೇಳಬೇಕಾಗುತ್ತದೆ.

ಅಜ್ಜಿಗೆ ಇನ್ನೊಂದು ಪದ ಇತ್ತು, ಅರೆ. ನೆಲದ ಮಟ್ಟಕ್ಕೇ ಅಗಲವಾಗಿ ಹರಡಿಕೊಂಡಿರುವ ಬಂಡೆ. ಹುಣಸೆಹಣ್ಣು ಒಣಗಿಸುವುದು, ಹುರುಳಿ ಬಡಿಯುವುದು, ಹಪ್ಪಳ ಹಾಕುವುದು ಎಲ್ಲಾ ಅರೆಯ ಮೇಲೆ. ಹುಣಸೆಹಣ್ಣು ಕಾಯಲು ನಮ್ಮನ್ನು ಕೂರಿಸಿದರೆ ನಾವು ಪಕ್ಕದ ಜಾರುಬಂಡೆಗೆ ಓಡುತ್ತಿದ್ದೆವು. ಹೊಂಗೆ ಸೊಪ್ಪಿನ ಕೊಂಬೆ ಮುರಿದು ಅದರ ಮೇಲೆ ಕೂತು ಜಾರುವುದು. ಸೊಪ್ಪು ಅರ್ಧ ದಾರಿಯಲ್ಲಿ ಕಳಚಿಕೊಂಡರೆ ಉಳಿದರ್ಧಕ್ಕೆ ಲಂಗವೇ ಗತಿ. ತಲೆಮಾರುಗಟ್ಟಲೆ ಮಕ್ಕಳು ಜಾರಿ ಜಾರಿ ಆ ಕಲ್ಲಿನಲ್ಲಿ ಬೆಳ್ಳಗೆ ಹೊಳೆಯುವ ಒಂದು ಪಟ್ಟೆ ಬಿದ್ದಿತ್ತು. ಈಗ ಪಾರ್ಕಿನಲ್ಲಿರುವ ಕೆಂಪು ಪ್ಲಾಸ್ಟಿಕ್ಕಿನ ಆಟಕ್ಕೂ ಜಾರುಬಂಡೆ ಅಂತಲೇ ಅನ್ನುತ್ತೇವೆ. ಪ್ಲಾಸ್ಟಿಕ್ಕಿನಲ್ಲಿ ಬಂಡೆ ಎಲ್ಲಿಂದ ಬಂತು ಅಂತ ನನ್ನ ಮಗಳು ಒಮ್ಮೆಯೂ ಕೇಳಲಿಲ್ಲ. ನನಗೂ ಹೇಳಬೇಕು ಅನ್ನಿಸಿದ್ದು ಈಗಲೇ.

ಮೇಕೆ ಕಳೆದ ಸಂಜೆ

ಒಂದು ಸಂಜೆ ಅಜ್ಜಿಯ ಮೇಕೆ ಮಂದೆಯ ಜೊತೆ ವಾಪಸ್ ಬರಲಿಲ್ಲ. ಗಬ್ಬದ ಮೇಕೆ. ಕತ್ತಲಾದರೆ ಚಿರತೆ ಭಯ. ಮಾವ ಮನೆಯಲ್ಲಿರಲಿಲ್ಲ, ಹೊರಟದ್ದು ಪಕ್ಕದ ಮನೆಯ ಹುಡುಗ, ಅವನಿಗೆ ಹದಿನಾಲ್ಕೋ ಹದಿನೈದೋ. ಅಜ್ಜಿ ಬಾಗಿಲಲ್ಲಿ ನಿಂತು ಅವನಿಗೆ ದಾರಿ ಹೇಳಿದಳು. ಹುರುಳಿ ಅರೆ ದಾಟಿ ಎಡಕ್ಕೆ ಹೋಗು. ಕೊರಕಲು ಇಳೀಬೇಡ, ಅದರ ಮಗ್ಗುಲಲ್ಲೇ ಹತ್ತು. ಜೋಡಿ ಗುಂಡು ಸಿಗ್ತವೆ, ನಡುವಿನ ಸಂದಿಯಲ್ಲಿ ನುಗ್ಗು. ಅಲ್ಲಿಂದ ಮೇಲಕ್ಕೆ ಜಾರು, ಕಾಲು ಇಡಬೇಡ, ಸುತ್ತಿಕೊಂಡು ಹೋಗಿ ಸಣ್ಣ ದೊಣೆ ನೋಡು, ಈಯೋ ಮೇಕೆ ನೀರಿನ ಹತ್ರಾನೇ ಇರ್ತದೆ. ಅಷ್ಟೇ. ಟಾರ್ಚು ಕೊಟ್ಟಳು, ಅವನು ಹೋದ. ಎಂಟು ಗಂಟೆಗೆ ಮೇಕೆಯನ್ನು ಮುಂದೆ ಬಿಟ್ಟುಕೊಂಡು, ಎರಡು ಮರಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಮೊಣಕಾಲು ನೋವಿನಿಂದ ಬೆಟ್ಟದ ಕಡೆ ಹೋಗಿ ಹತ್ತು ವರ್ಷವೇ ಆಗಿತ್ತು. ಆದರೂ ಆ ನಾಲ್ಕು ಮಾತಿನಲ್ಲಿ ಒಬ್ಬನನ್ನು ಕತ್ತಲಲ್ಲಿ ಕಳಿಸಿ ವಾಪಸ್ ಕರೆಸಿಕೊಂಡಳು. ನನ್ನ ಕೈಪಿಡಿಯ ಮೂರನೇ ಪುಟ ಮಾಡಲು ಹೊರಟಿರುವುದೂ ಇದನ್ನೇ. ನಾನು ಬರೆದು ಕಳಿಸಿದ್ದ ‘ಕಡಿದಾದ ಇಳಿಜಾರು’ ಹಿಡಿದುಕೊಂಡು ಆ ಹುಡುಗ ಹೋಗಿದ್ದರೆ ಮೇಕೆಯೂ ಸಿಗುತ್ತಿರಲಿಲ್ಲ, ಅವನೂ ಸಿಗುತ್ತಿರಲಿಲ್ಲ.

ಕಣಿವೆ ಯಾವುದು, ಪ್ರಪಾತ ಯಾವುದು

ಶಾಲೆ ಪುಸ್ತಕದ ಮೇಲೆ ನನ್ನದೊಂದು ಸಣ್ಣ ಜಗಳ ಇದೆ. ವ್ಯಾಲಿ ಅಂದರೆ ಕಣಿವೆ ಅಂತ ಕಲಿತೆವು. ಸಿಂಧೂ ಕಣಿವೆ, ನರ್ಮದಾ ಕಣಿವೆ. ಆದರೆ ನಮ್ಮ ಕಡೆ ಕಣಿವೆ ಅಂದರೆ ಎರಡು ಬೆಟ್ಟಗಳ ನಡುವೆ ದಾರಿ ನುಗ್ಗಿ ಹೋಗುವ ಕಿಂಡಿ. ಅಲ್ಲೊಂದು ಮಾರಮ್ಮನೋ ಬಸಪ್ಪನೋ ಇದ್ದೇ ಇರುತ್ತಾರೆ, ಲಾರಿಯವರು ಇಳಿದು ಕಾಯಿ ಒಡೆಯುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಕಣಿವೆ ನಾರಾಯಣಪುರ ಅಂತ ಊರೇ ಇದೆ. ಇಂಗ್ಲಿಷಿನವರು ಪಾಸ್ ಅನ್ನುತ್ತಾರಲ್ಲ, ಅದಕ್ಕೆ ನಮ್ಮಲ್ಲಿ ಪದ ರೆಡಿ ಇತ್ತು. ಅದನ್ನು ತೆಗೆದು ವ್ಯಾಲಿಗೆ ಕೊಟ್ಟು, ಪಾಸ್‌ಗೆ ‘ಪರ್ವತ ಮಾರ್ಗ’ ಅಂತ ಏನೋ ಹೊಸದು ಹೊಲಿಸಿದರು. ಮನೆ ಮಗನ ಅಂಗಿ ನೆಂಟರಿಗೆ ಕೊಟ್ಟು ಅವನಿಗೆ ಸೂಟು ಹಾಕಿದ ಹಾಗೆ.

ಪ್ರಪಾತದ ಕಥೆ ಬೇರೆ. ಆ ಪದದ ಒಳಗೆ ಬೀಳುವುದು ಇದೆ. ಪ್ರೆಸಿಪಿಸ್ ಒಳಗೂ ಅದೇ ಇದೆ, ಲ್ಯಾಟಿನ್ ಮೂಲದಲ್ಲಿ ತಲೆ ಮುಂದಾಗಿ ಅಂತ ಅರ್ಥ. ಎರಡೂ ಮೇಲೆ ನಿಂತು ಕೆಳಗೆ ಇಣುಕಿದವರ ಪದ. ಕ್ಲಿಫ್ ಹಾಗಲ್ಲ, ಅದನ್ನು ಕೆಳಗೆ ನಿಂತೂ ನೋಡಬಹುದು, ದೋಣಿಯಲ್ಲಿ ಕೂತೂ ನೋಡಬಹುದು. ನಂದಿ ಬೆಟ್ಟದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. 1,478 ಮೀಟರ್ ಎತ್ತರದ ಬೆಟ್ಟ, ಅದರ ಒಂದು ಅಂಚಿಗೆ ಟಿಪ್ಪು ಡ್ರಾಪ್ ಅಂತ ಹೆಸರು. ಅಪರಾಧಿಗಳನ್ನು ಅಲ್ಲಿಂದ ತಳ್ಳುತ್ತಿದ್ದರು ಅಂತ ಕಥೆ ಹೇಳುತ್ತಾರೆ. ಕಂಬಿ ಹಿಡಿದು ಇಣುಕಿದವರಿಗೆ ಅದು ಪ್ರಪಾತವೇ. ಅದೇ ಕಲ್ಲನ್ನು ಕೆಳಗಿನ ದ್ರಾಕ್ಷಿ ತೋಟದಲ್ಲಿ ನಿಂತು ನೋಡುವವರಿಗೆ ಬೀಳುವ ಯೋಚನೆ ಯಾಕೆ ಬರಬೇಕು? ಅವರಿಗೆ ಅದು ನಿಂತಿರುವ ಕಲ್ಲು. ಪಾವಗಡದ ಕಡೆ ನಿಡಗಲ್ಲು ದುರ್ಗ ಇದೆ. ನಿಡು ಅಂದರೆ ಉದ್ದ, ನೀಳ. ಅಷ್ಟುದ್ದ ನಿಂತ ಕಲ್ಲು. ಯಾರೋ ಕೆಳಗೆ ನಿಂತು ತಲೆ ಎತ್ತಿ ನೋಡಿ ಇಟ್ಟ ಹೆಸರಿನ ಹಾಗೆ ಕಾಣುತ್ತದೆ ನನಗೆ. ಬಂಡೆ ಹತ್ತಲು ಹೋಗುವ ಹುಡುಗರೂ ಕೆಳಗೇ ನಿಂತಿರುತ್ತಾರೆ. ಅವರಿಗೆ ಮೂರನೇ ಪುಟದಲ್ಲೇ ಪ್ರಪಾತ ಅಂದರೆ ಹತ್ತುವ ಮುಂಚೆಯೇ ಬೀಳಿಸಿದಂತಾಯಿತು.

ಕೋಲಾರ, ಮುಳಬಾಗಿಲಿನ ಕಡೆ ಹೋದರೆ ಬೆಟ್ಟದ ಚಹರೆಯೇ ಬದಲಾಗುತ್ತದೆ. ಅಲ್ಲಿ ಗುಂಡಿನ ಮೇಲೆ ಗುಂಡು ಕೂತಿರುತ್ತವೆ, ಯಾರೋ ಅರ್ಧ ಜೋಡಿಸಿ ಊಟಕ್ಕೆ ಎದ್ದು ಹೋದ ಹಾಗೆ. ಅಂತರಗಂಗೆಯಲ್ಲಿ ಆ ಗುಂಡುಗಳ ಸಂದಿಯೇ ಗವಿ, ಸಂದಿಯೇ ದಾರಿ. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬಲ್ಲಿಯೂ ಗ್ರಾನೈಟ್ ಗುಂಡುಗಳು ಹೀಗೇ ಒಂದರ ಮೇಲೊಂದು ಕೂತಿವೆ, ಅದಕ್ಕೆ ಅಲ್ಲಿನವರು ಟಾರ್ ಅನ್ನುತ್ತಾರೆ. ನಮ್ಮ ಆ ಸೀಮೆಯಲ್ಲಿ ತೆಲುಗು ಕನ್ನಡ ಕಲಸಿಕೊಂಡಿವೆ. ಬೆಟ್ಟ ಯಾವುದು, ಗುಟ್ಟ ಯಾವುದು, ಕೊಂಡ ಯಾವುದು ಅಂತ ಬಾಗೇಪಲ್ಲಿಯ ಗೆಳತಿಯೊಬ್ಬಳನ್ನು ಕೇಳಿದೆ. “ಹತ್ತಿದರೆ ಸುಸ್ತಾಗೋದು ಕೊಂಡ, ಆಗದೇ ಇರೋದು ಗುಟ್ಟ” ಅಂದಳು. ಯಾವ ನಿಘಂಟಿನಲ್ಲೂ ಇಷ್ಟು ಚೆನ್ನಾಗಿ ಹೇಳಿಲ್ಲ.

ನಮ್ಮಿಂದ ಹೋದದ್ದು

ಎರವಲಿನ ಲೆಕ್ಕ ಹಾಕುತ್ತಿದ್ದಾಗ ಒಂದು ಪದ ನಮ್ಮಿಂದಲೂ ಹೋಗಿರುವುದು ಸಿಕ್ಕಿತು. ಕಂಪನಿ ಕಾಲದ ಇಂಗ್ಲಿಷರು ಇಲ್ಲಿನ ಒಂಟಿ ಬೆಟ್ಟ, ಅದರ ಮೇಲಿನ ಕೋಟೆ ನೋಡಿ ತಮ್ಮ ಪಟ್ಟಿಯ ಯಾವ ಪದವೂ ಸಾಲದೆ ನಮ್ಮ ದುರ್ಗವನ್ನೇ ಎತ್ತಿಕೊಂಡರು. ಅವರ ಬಾಯಲ್ಲಿ ಅದು ‘ಡ್ರೂಗ್’ ಆಯಿತು. ಸಾವನದುರ್ಗ ಸಾವನ್‌ಡ್ರೂಗ್, ನಂದಿದುರ್ಗ ನಂದಿಡ್ರೂಗ್. ಕೆಜಿಎಫ್‌ನ ಚಿನ್ನದ ಗಣಿಗಳಲ್ಲಿ ಒಂದಕ್ಕೆ ನಂದಿಡ್ರೂಗ್ ಅಂತಲೇ ಹೆಸರಿತ್ತು. 2001ರಲ್ಲಿ ಗಣಿ ಮುಚ್ಚುವವರೆಗೂ ಬೆಟ್ಟದ ಹೆಸರು ನೆಲದ ಕೆಳಗೆ ಕೆಲಸ ಮಾಡುತ್ತಿತ್ತು. ಲಂಡನ್ನಿನ ಆಗ್ನೇಯಕ್ಕೆ ಒಂದು ದಿಣ್ಣೆಯ ಮೇಲೆ ಸೆವರ್ನ್‌ಡ್ರೂಗ್ ಕ್ಯಾಸಲ್ ಅಂತ ಮೂರು ಮೂಲೆಯ ಗೋಪುರ ಇದೆ. 1755ರಲ್ಲಿ ಕೊಂಕಣದ ಸುವರ್ಣದುರ್ಗ ಹಿಡಿದ ವಿಲಿಯಂ ಜೇಮ್ಸ್ ಎಂಬ ನೌಕಾ ಅಧಿಕಾರಿಯ ನೆನಪಿಗೆ ಅವನ ಹೆಂಡತಿ 1784ರಲ್ಲಿ ಕಟ್ಟಿಸಿದ್ದು. ದುರ್ಗ ಅಂದರೆ ಹೋಗಲು ಕಷ್ಟವಾದ ಜಾಗ. ಹೆಸರು ಮಾತ್ರ ಸುಲಭವಾಗಿ ಲಂಡನ್ನಿಗೆ ಹೋಗಿದೆ.

ಕೊನೆಗೆ ಕಳಿಸಿದ್ದು

ಮೂರನೇ ಪುಟ ಮತ್ತೆ ಬರೆಯಲು ಒಂದು ವಾರ ಹಿಡಿಯಿತು. ಕ್ಲಿಫ್‌ಗೆ ಗೋಡೆಬಂಡೆ ಅಂತ ಹಾಕಿದೆ. ಪ್ರೆಸಿಪಿಸ್‌ಗೆ ಪ್ರಪಾತ ಉಳಿಯಿತು, ಅದರ ಜಾಗ ಅದೇ. ಕ್ರ್ಯಾಗ್‌ಗೆ ಕೋಡುಗಲ್ಲು, ಗಲ್ಲಿಗೆ ಕೊರಕಲು, ಸ್ಯಾಡಲ್‌ಗೆ ಕಣಿವೆ. ಕಣಿವೆ ಪಕ್ಕದಲ್ಲಿ ‘ಎರಡು ಬೆಟ್ಟದ ನಡುವಿನ ದಾರಿ’ ಅಂತ ಸೇರಿಸಬೇಕಾಯಿತು, ಶಾಲೆಯಲ್ಲಿ ಓದಿದವರಿಗಾಗಿ. ಲೆಡ್ಜ್ ಜಗಲಿ ಆಯಿತು. ಸ್ಕಾರ್ಪ್‌ಗೆ ಏನೂ ಹೊಳೆಯಲಿಲ್ಲ, ಒಂದು ಸಾಲಿನ ವಿವರಣೆ ಬರೆದೆ. ಬ್ಲಫ್ ಮತ್ತು ಸ್ಕ್ರೀ ನಮ್ಮ ಹುಡುಗರಿಗೆ ಎದುರಾಗುವುದಿಲ್ಲ ಅಂತ ಹೇಳಿ ತೆಗೆಸಿದೆ. ಅವುಗಳ ಜಾಗದಲ್ಲಿ ನಾನಾಗಿಯೇ ಮೂರು ಪದ ತುರುಕಿದೆ. ದೊಣೆ, ಜಾರು, ‘ಎದ್ದ ಬಂಡೆ’. ಕೊನೆಯದು ಮುಖ್ಯ. ತಟ್ಟಿದಾಗ ಬದ್ ಅನ್ನುವ ಪದರಕ್ಕೆ ಹಗ್ಗದ ಮೊಳೆ ಹೊಡೆಯಬೇಡಿ ಅಂತ ಬರೆದೆ. ಮೂಲ ಕೈಪಿಡಿಯಲ್ಲಿ ಟೊಳ್ಳು ಪದರದ ಬಗ್ಗೆ ಎಚ್ಚರಿಕೆ ಇತ್ತು, ಸದ್ದು ಹೇಗಿರುತ್ತದೆ ಅಂತ ಇರಲಿಲ್ಲ.

ಓವರ್‌ಹ್ಯಾಂಗ್‌ಗೆ ಸೂರು.

ಎರಡು ದಿನಕ್ಕೆ ಫೈಲು ಬಂತು. ಈ ಸಲ ಹಳದಿ ಬಣ್ಣ ಒಂದೇ ಕಡೆ. ಮೇಡಂ, ಎಲ್ಲಾ ಸೂಪರ್, ಸೂರು ಅಂದ್ರೆ ಏನು? ಅಂತ ಕೇಳಿದ್ದ. ಹುಟ್ಟಿದಾಗಿಂದ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಹುಡುಗ, ಅವನನ್ನು ಯಾಕೆ ಬೈಯಬೇಕು? ಮಾವನ ಹಳೇ ಮನೆಯ ಪಟ ಮೊಬೈಲಿನಲ್ಲಿ ಇತ್ತು. ಗೋಡೆಯಿಂದ ಒಂದು ಮೊಳ ಮುಂದಕ್ಕೆ ಬಾಗಿದ ನಾಡಹೆಂಚು, ಅದರ ಕೆಳಗೆ ಮಳೆಗೆ ನೆನೆಯದ ಹಾಗೆ ಒತ್ತಿಕೊಂಡು ನಿಂತ ಎರಡು ಮೇಕೆ. ಅದನ್ನು ಕಳಿಸಿದೆ. ಒಂದೇ ನಿಮಿಷಕ್ಕೆ ಉತ್ತರ ಬಂತು.

“ಓ, ಓವರ್‌ಹ್ಯಾಂಗ್!”